ಉಪಕರಣ ಸಂಖ್ಯೆ ಹದಿನೇಳು: ಹೊನ್ನಪ್ಪನ ಮೂಗು

ಹೊನ್ನಪ್ಪನಿಗೆ ಐವತ್ತೆರಡು ವರ್ಷ. ಅವನ ಮೂಗಿಗೂ ಅಷ್ಟೇ ವಯಸ್ಸು. ಆದರೆ ದಾಖಲೆಯ ಪ್ರಕಾರ ಅದು ಬಳಕೆಗೆ ಬಂದು ಎರಡು ವರ್ಷವಾಗಿದೆ. ಈ ವ್ಯತ್ಯಾಸ ಹೇಗೆ ಬಂತೆಂದು ಹೇಳಬೇಕಾದರೆ ಪಾಂಡವಪುರದ ಹತ್ತಿರದ ಒಂದು ಆಲೆಮನೆಯಿಂದ ಶುರುಮಾಡಬೇಕು.

ಆ ಆಲೆಮನೆಯಲ್ಲಿ ಅವನು ಇಪ್ಪತ್ತೈದು ವರ್ಷ ಪಾಕ ನೋಡುತ್ತಿದ್ದ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಬೆಲ್ಲವಾಗುವ ಹೊತ್ತಿಗೆ ಸರಿಯಾಗಿ ಇಳಿಸಬೇಕು. ಮುಂಚೆ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ತಡವಾದರೆ ಸೀದುಹೋಗುತ್ತದೆ. ಬೇರೆಯವರು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಹೊನ್ನಪ್ಪ ಒಲೆಗೆ ಬೆನ್ನು ಹಾಕಿ ಕೂತು, ಬೇರೆ ಏನೋ ಮಾತಾಡುತ್ತ, ನಡುವೆ "ಬಂತು, ಇಳ್ಸಿ" ಎನ್ನುತ್ತಿದ್ದ. ಇಳಿಸುತ್ತಿದ್ದರು. ಒಂದು ದಿನ ಮಾಲೀಕರು ಕೆಂಪು ಅಂಕಿ ತೋರಿಸುವ ಥರ್ಮಾಮೀಟರು ತಂದರು. ಅದು ಮಾತಾಡುವುದಿಲ್ಲ, ನೆಂಟರ ಮದುವೆಗೆ ರಜ ಕೇಳುವುದಿಲ್ಲ. ಹೊನ್ನಪ್ಪ ಟವೆಲು ಕೊಡವಿಕೊಂಡು ಎದ್ದ.

ಹೆಂಡತಿ ಮಂಚಮ್ಮನ ತವರು ನಾಗಮಂಗಲ ತಾಲ್ಲೂಕಿನ ದೇವಲಾಪುರ. ಇಬ್ಬರೂ ಅಲ್ಲಿಗೆ ಬಂದರು. ಗಂಡಸು ಹೆಂಡತಿಯ ಊರಿನಲ್ಲಿ ನೆಲೆಸಿದರೆ ಅವನಿಗೆ ಮನೆ ಅಳಿಯ ಎಂದು ಹೆಸರು, ಆ ಹೆಸರಿಗೆ ಊರವರು ಬೇಕಾದ ರಾಗ ಕೂಡಿಸಬಹುದು. ಮಂಚಮ್ಮನ ತಮ್ಮ ಚಿಕ್ಕಸ್ವಾಮಿ ಆ ರಾಗದಲ್ಲಿ ಪಂಡಿತ. ಅವನು ರಸ್ತೆ ಬದಿಯಲ್ಲಿ ಬಜ್ಜಿ, ಟೀ ಅಂಗಡಿ ಇಟ್ಟಿದ್ದ.

"ಭಾವ, ಮೂಗು ಇಡ್ಕಂಡು ಎಷ್ಟ್ ದಿನ ಅಂತ ಕೂತಿದ್ದೀಯೆ. ನನ್ ಬಜ್ಜಿ ಬೆಂದದಾ ನೋಡಿ ಯೋಳು ಬಾ" ಎಂದು ನಾಲ್ಕು ಜನರ ಮುಂದೆ ಕರೆಯುತ್ತಿದ್ದ.

ಅಂಗಡಿಯ ಎದುರಿಗೆ, ಹುರುಳಿ ಹೊಲಗಳ ನಡುವೆ, ಒಂದು ಉದ್ದನೆಯ ತಗಡಿನ ಶೆಡ್ಡು ಎದ್ದಿತು. ಬ್ಯಾಟರಿ ಪರೀಕ್ಷೆ ಮಾಡುವ ಜಾಗ. ಲಾರಿಯಲ್ಲಿ ಹೋಗುವಾಗ, ಗೋದಾಮಿನಲ್ಲಿ ಬಿದ್ದಿರುವಾಗ ಬ್ಯಾಟರಿಗೆ ಏನೇನು ಕಷ್ಟ ಬರಬಹುದೋ ಅದನ್ನೆಲ್ಲ ಇಲ್ಲಿ ಮುಂಚಿತವಾಗಿ ಕೊಡುತ್ತಾರೆ. ಎತ್ತರದಿಂದ ಬೀಳಿಸುತ್ತಾರೆ, ಕಾಯಿಸುತ್ತಾರೆ, ಜಜ್ಜುತ್ತಾರೆ, ಗಂಟೆಗಟ್ಟಲೆ ಅಲ್ಲಾಡಿಸುತ್ತಾರೆ. ಎತ್ತಿನ ವ್ಯಾಪಾರದಲ್ಲಿ ಹಲ್ಲು ಎಣಿಸುವವರೂ ಇಷ್ಟು ಹಿಂಸೆ ಕೊಡುವುದಿಲ್ಲ. ಎಲ್ಲವನ್ನೂ ಸಹಿಸಿಕೊಂಡು ಉರಿಯದೆ ಉಳಿದ ಬ್ಯಾಟರಿಗೆ ಸರ್ಟಿಫಿಕೇಟು. ಲಿಥಿಯಂ ಬ್ಯಾಟರಿಗಳು ಬರುತ್ತಿದ್ದವು, ಈಚೆಗೆ ಸೋಡಿಯಂ ಬ್ಯಾಟರಿಗಳೂ. ಸೋಡಿಯಂ ಎಂದರೆ ಉಪ್ಪಿನಲ್ಲಿರುವುದು ಎಂದು ಯಾರೋ ಹೇಳಿದ್ದರಿಂದ ಹೊನ್ನಪ್ಪ ಅದಕ್ಕೆ ಉಪ್ಪಿನ ಬ್ಯಾಟರಿ ಎಂದು ಹೆಸರಿಟ್ಟ.

ಅವನನ್ನು ಸೇರಿಸಿಕೊಂಡದ್ದು ಮರಳಿನ ಬಕೆಟ್ಟು ಹೊರಲು. ಪರೀಕ್ಷೆ ನಡೆಯುವ ದೊಡ್ಡ ಹಾಲ್‌ನೊಳಗೆ, ಹಳದಿ ಗೆರೆಯ ಹಿಂದೆ, ಬಕೆಟ್ಟಿನ ಪಕ್ಕ ನಿಲ್ಲಬೇಕು. ಒಂದು ಮಧ್ಯಾಹ್ನ ಸ್ಕೂಟರಿನ ಲಿಥಿಯಂ ಬ್ಯಾಟರಿಯೊಂದು ಅಲ್ಲಾಡಿಸುವ ಮೇಜಿನ ಮೇಲೆ ಗಡಗಡ ಅನ್ನುತ್ತಿತ್ತು. ಗೋಡೆಯ ಮೇಲಿನ ಅನಿಲಪತ್ತೆ ಯಂತ್ರ ಹಸಿರು ದೀಪ ಹಚ್ಚಿಕೊಂಡು ಸುಮ್ಮನಿತ್ತು.

"ಸಾ, ಪಾಕ ಬಂತು" ಎಂದ ಹೊನ್ನಪ್ಪ.

ಗುಣಮಟ್ಟದ ಮ್ಯಾನೇಜರು ವಿನಯ್ ಕಾಗದದಿಂದ ತಲೆ ಎತ್ತಿದ. "ಏನು ಬಂತು?"

"ಪಾಕ ಸಾ. ಇಳ್ಸಿ."

ವಿನಯ್ ನಕ್ಕ. ಮೂರು ನಿಮಿಷದ ಮೇಲೆ ಬ್ಯಾಟರಿ ಬುಸ್ಸೆಂದು ಹೊಗೆಯಾಡಿತು, ಆಗ ಯಂತ್ರವೂ ಎಚ್ಚೆತ್ತು ಕೂಗಿತು. ಬ್ಯಾಟರಿಯೊಳಗಿನ ದ್ರವ ಹೊಗೆಯಾಗುವ ಮೊದಲು ಸಣ್ಣಗೆ ಸಿಹಿ ವಾಸನೆ ಬಿಡುತ್ತದಂತೆ. ಅಷ್ಟು ಸಣ್ಣ ಸಿಹಿ ಯಂತ್ರಕ್ಕೆ ಲೆಕ್ಕಕ್ಕಿಲ್ಲ. ಇಪ್ಪತ್ತೈದು ವರ್ಷ ಕೊಪ್ಪರಿಗೆಯ ಪಕ್ಕ ಕೂತ ಮೂಗಿಗೆ ಅದು ಕರೆದು ಹೇಳಿದಂತೆ.

ವಿನಯ್ ಶ್ರೀರಂಗಪಟ್ಟಣದವನು, ದೇವಸ್ಥಾನದ ಮನೆತನ. ಮನೆಯಲ್ಲಿ ಪೂಜೆಗೆ ಇರುವ ಕಟ್ಟುನಿಟ್ಟನ್ನೆಲ್ಲ ಕಡತಗಳಿಗೆ ವರ್ಗಾಯಿಸಿದ್ದ. ತನ್ನ ಊಟದ ಡಬ್ಬಿಗೂ ಸಂಖ್ಯೆ ಅಂಟಿಸಿದ್ದವನು. ಹೊನ್ನಪ್ಪ ನಾಲ್ಕನೇ ಸಲವೂ ಯಂತ್ರಕ್ಕಿಂತ ಮೊದಲು ಹೇಳಿದ ಮೇಲೆ, ಬರೆಯದೆ ಇರುವುದು ಅವೈಜ್ಞಾನಿಕ ಎಂದು ಅವನಿಗೆ ಅನ್ನಿಸಿತು. ನಿಯಮಾವಳಿಯಲ್ಲಿ ಉಪಕರಣ ಎಂಬ ಕಾಲಂ ಇತ್ತು, ಮನುಷ್ಯ ಎಂಬ ಕಾಲಂ ಇರಲಿಲ್ಲ. ಹಾಗಾಗಿ ಹೊನ್ನಪ್ಪನ ಮೂಗು ಉಪಕರಣ ಸಂಖ್ಯೆ ಹದಿನೇಳಾಯಿತು. ಗ್ರಹಿಸುವ ದೂರ: ಎಂಟು ಗಜ. ವಿದ್ಯುತ್ ಅಗತ್ಯ: ಇಲ್ಲ.

"ತಯಾರಕರು ಅಂತ ಒಂದು ಕಾಲಂ ಇದೆ ಹೊನ್ನಪ್ಪ. ಖಾಲಿ ಬಿಡೋ ಹಾಗಿಲ್ಲ."

ಹೊನ್ನಪ್ಪ ಸ್ವಲ್ಪ ಯೋಚಿಸಿ, "ದೇವಯ್ಯ ಅಂತ ಬರ್ಕೊಳಿ ಸಾ, ನಮ್ಮಪ್ಪ. ಪಾಂಡುಪುರ ತಾಲೂಕು" ಎಂದ. ವಿನಯ್ ಬರೆದುಕೊಂಡ.

ಊರಿನಲ್ಲಿ ಅಳಿಯನ ಬೆಲೆ ಏರಿತು. "ನಮ್ಮನೇವ್ರು ಮೂಸ್ದೆ ಮಿಸೀನೇ ಸುರುವಾಗಕಿಲ್ವಂತೆ" ಎಂದು ಮಂಚಮ್ಮ ನಲ್ಲಿಯ ಹತ್ತಿರ ಹೇಳಿದಳು. ಚಿಕ್ಕಸ್ವಾಮಿ ಬಜ್ಜಿಯ ಮಾತು ನಿಲ್ಲಿಸಿದ. ಬದಲಿಗೆ, "ಒಳ್ಗಡೆ ಕೆಲ್ಸ ಅಂತೀಯ, ನಾವ್ ಕಂಡಿದ್ದೀವಾ ಭಾವ" ಎಂದು ಅನುಮಾನ ಮಾತ್ರ ಉಳಿಸಿಕೊಂಡ.

ಇಷ್ಟರಲ್ಲಿ ಕಾಗದ ಬಂತು. ಶೆಡ್ಡಿಗೆ ಮಾನ್ಯತೆ ಕೊಡುವ ಮೊದಲು ಬೆಂಗಳೂರಿನಿಂದ ಒಬ್ಬ ತಪಾಸಕರು ಬರುತ್ತಾರೆ. ಪ್ರತಿ ಉಪಕರಣವೂ ಸರಿಯಾಗಿ ಅಳೆಯುತ್ತದೆ ಎಂಬುದಕ್ಕೆ ಸರ್ಟಿಫಿಕೇಟು ತೋರಿಸಬೇಕು. ಸರ್ಟಿಫಿಕೇಟಿಲ್ಲದ ಉಪಕರಣ ಹಾಲ್‌ನೊಳಗೆ ಇರಕೂಡದು.

"ಹದಿನೇಳಕ್ಕೆ ಸರ್ಟಿಫಿಕೇಟ್ ಆಗದಿದ್ದರೆ ನಿಮ್ಮನ್ನು ಗೇಟಿಗೆ ಹಾಕಬೇಕಾಗುತ್ತೆ. ವಾಚ್‌ಮನ್ ಜಾಗ ಹೇಗೂ ಖಾಲಿ ಇದೆ" ಎಂದ ವಿನಯ್.

ಗೇಟು ಇದ್ದದ್ದು ಚಿಕ್ಕಸ್ವಾಮಿಯ ಬಾಂಡ್ಲಿಯ ನೇರಕ್ಕೆ. ಬೆಳಗಿನಿಂದ ಸಂಜೆಯವರೆಗೆ ಕೋಲು ಹಿಡಿದು ಅಲ್ಲಿ ನಿಂತರೆ, ನಾಗಮಂಗಲದ ಬಸ್ಸು ಹತ್ತುವ ಹೆಂಡತಿಯ ಕಡೆಯವರೆಲ್ಲ ನೋಡುತ್ತಾರೆ. ಒಂದು ಸಲ ಹೊನ್ನಪ್ಪನನ್ನು ಥರ್ಮಾಮೀಟರು ಎಬ್ಬಿಸಿತ್ತು. ಈಗ ಒಂದು ಚೀಟಿ ಎಬ್ಬಿಸುತ್ತಿತ್ತು.

ವಿನಯ್ ಕೈಕಟ್ಟಿ ಕೂರುವವನಲ್ಲ. ಹೊನ್ನಪ್ಪನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿ ಕಿವಿ ಮೂಗಿನ ಡಾಕ್ಟರಿಗೆ ತೋರಿಸಿದ. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಮೂಗು ಚೆನ್ನಾಗಿದೆ ಎಂದು ಬರೆದುಕೊಟ್ಟರು.

"ಎಷ್ಟು ತಪ್ಪಬಹುದು ಡಾಕ್ಟ್ರೇ, ಪ್ಲಸ್ ಆರ್ ಮೈನಸ್ ಎಷ್ಟು?"

ಡಾಕ್ಟರು ಟಾರ್ಚನ್ನು ವಿನಯ್ ಕಡೆ ತಿರುಗಿಸಿ, "ಹಾಗೇ ನಿಮ್ಮ ಕಿವೀನೂ ಒಂದು ಸಲ ನೋಡಿಬಿಡ್ಲಾ?" ಎಂದರು.

ಕೊನೆಗೆ ಹೊನ್ನಪ್ಪನೇ ದಾರಿ ತೋರಿಸಿದ. ಕೆ.ಆರ್. ಪೇಟೆ ಕಡೆ ಬೂಕನಕೆರೆಯಲ್ಲಿ ಅವನ ಹಳೆಯ ಜೊತೆಗಾರನೊಬ್ಬ ಇನ್ನೂ ಥರ್ಮಾಮೀಟರಿಲ್ಲದೆ ಬೆಲ್ಲ ಮಾಡುತ್ತಿದ್ದ. ಅಲ್ಲಿಂದ ಒಂದು ಅಚ್ಚು ಬೆಲ್ಲ ತಂದರು. ಅದರ ಚೂರೊಂದನ್ನು ಒಂದು ಡಬ್ಬಿಯಲ್ಲಿ, ಬೇರೆ ಬೇರೆ ಊರಿನ ಬೆಲ್ಲವನ್ನು ಒಂಬತ್ತು ಡಬ್ಬಿಗಳಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಸಾಲಾಗಿ ಇಟ್ಟರು. ಹೊನ್ನಪ್ಪ ಗಜ ದೂರದಿಂದಲೇ ಬೂಕನಕೆರೆಯದನ್ನು ಹೇಳಿದ. ಡಬ್ಬಿಗಳ ಜಾಗ ಬದಲಿಸಿ ಹತ್ತು ಸಲ ಕೇಳಿದರು, ಹತ್ತು ಸಲವೂ ಸರಿ. ವಿನಯ್ ಆನಂದದಿಂದ ಮೂರು ಪುಟ ಬರೆದ. ಉಳಿದ ಅಚ್ಚನ್ನು ಪೆಟ್ಟಿಗೆಯಲ್ಲಿಟ್ಟು, "ಪ್ರಮಾಣ ವಸ್ತು. ಮುಟ್ಟಬಾರದು" ಎಂದು ಅಂಟಿಸಿ, ಬೀರುವಿನಲ್ಲಿ ಬೀಗ ಹಾಕಿ, ಬೀಗದ ಕೈ ಜೇಬಿಗೆ ಇಳಿಸಿದ. ತಪಾಸಕರ ಮುಂದೆ ಅದೇ ಬೆಲ್ಲದಲ್ಲಿ ಅದೇ ಪರೀಕ್ಷೆ ಮಾಡಿ ತೋರಿಸಿದರೆ ಸರ್ಟಿಫಿಕೇಟು ಗಟ್ಟಿ.

ತಪಾಸಣೆ ನಿಗದಿಯಾದದ್ದು ಯುಗಾದಿಯ ಮರುದಿನಕ್ಕೆ. ಯುಗಾದಿಯ ದಿನವೂ ಶೆಡ್ಡಿನಲ್ಲಿ ತಯಾರಿ ನಡೆದಿತ್ತು, ಹಬ್ಬ ಬಿಡಬಾರದೆಂದು ಮಿಷನ್ನುಗಳಿಗೆ ಅಲ್ಲೇ ಪೂಜೆ ಇಟ್ಟುಕೊಂಡರು. ಮಂತ್ರ ವಿನಯ್‌ನದು. ಬೇವಿನ ಹೂ ಒಂದು ತಟ್ಟೆ ತುಂಬ ಬಂದಿತ್ತು. ಬೆಲ್ಲ ತರುವುದನ್ನು ಎಲ್ಲರೂ ಎಲ್ಲರ ಮೇಲೆ ಬಿಟ್ಟಿದ್ದರು. ರಾಹುಕಾಲಕ್ಕೆ ಹತ್ತು ನಿಮಿಷ ಇತ್ತು. ವಿನಯ್ ಮಂತ್ರ ನಿಲ್ಲಿಸದೆ, ಕಣ್ಣೂ ತೆರೆಯದೆ, ಜೇಬಿನಿಂದ ಬೀಗದ ಕೈ ತೆಗೆದು ಪಕ್ಕದವನಿಗೆ ಕೊಟ್ಟು, "ಬೀರುನಲ್ಲಿ ಒಂದು ಅಚ್ಚು ಇದೆ, ಕುಟ್ಟಿ ತನ್ನಿ" ಎಂದ.

ಎಲ್ಲರ ಅಂಗೈಗೂ ಬೇವುಬೆಲ್ಲ ಬಿತ್ತು. ಹೊನ್ನಪ್ಪ ಬಾಯಿಗೆ ಹಾಕಿಕೊಳ್ಳುವ ಮೊದಲು ಅಭ್ಯಾಸದಂತೆ ಮೂಗಿನ ಹತ್ತಿರ ಹಿಡಿದ.

"ಸಾ, ಇದು ಬೂಕನಕೆರೆದು."

ವಿನಯ್ ಆಗಲೇ ಎರಡನೇ ಸಲ ಹಾಕಿಸಿಕೊಂಡು ಅಗಿಯುತ್ತಿದ್ದ. ಅಗಿಯುವುದು ನಿಂತಿತು. ಮುಖದಲ್ಲಿ ಬೆಲ್ಲವೆಲ್ಲ ಹೋಗಿ ಬೇವು ಮಾತ್ರ ಉಳಿಯಿತು.

ಹನ್ನೊಂದನೇ ಸಲವೂ ಮೂಗು ಸರಿಯಾಗಿಯೇ ಹೇಳಿತ್ತು. ಆದರೆ ಪ್ರಮಾಣ ವಸ್ತು ಹದಿನಾಲ್ಕು ಜನರ ಹೊಟ್ಟೆಯಲ್ಲಿತ್ತು. ಮರುದಿನ ಹೊಸತೊಡಕು. ಆ ದಿನ ಊರೂರಲ್ಲೂ ಮಟನ್ ಬೇಯುತ್ತದೆ, ಯಾವ ಆಲೆಮನೆಯ ಒಲೆಗೂ ಬೆಂಕಿ ಹಾಕುವುದಿಲ್ಲ. ಹೊನ್ನಪ್ಪ ಫೋನು ಮಾಡಿದರೆ ಬೂಕನಕೆರೆಯವನು, "ಬೆಲ್ಲ ನಾಡಿದ್ದು ಕಣ್ಲಾ. ಊಟಕ್ಕೆ ಬರಂಗಿದ್ರೆ ಬಾ" ಎಂದ.

ಬೆಳಿಗ್ಗೆ ವಿನಯ್ ಹೊನ್ನಪ್ಪನ ಅಂಗಿಯ ಗುಂಡಿಗೆ ಕೆಂಪು ಚೀಟಿ ಕಟ್ಟಿದ: "ಪರಿಶೀಲನೆ ಬಾಕಿ. ಬಳಸಬಾರದು."

"ಹಬ್ಬ, ಬಕೆಟ್ಟಿಗೆ ಬೇರೆ ಜನ ಇಲ್ಲ. ಚೀಟಿ ಇರೋದರಿಂದ ಇವತ್ತೊಂದು ದಿನ ಅಲ್ಲೇ ನಿಂತಿರಿ. ವಾಸನೆ ಬಂದರೂ ಹೇಳಬೇಡಿ. ನಾಳೆಯಿಂದ ಗೇಟು."

"ಉಸ್ರಾದ್ರೂ ಎಳ್ಕೋಬೋದಾ ಸಾ?"

"ಉಸಿರು ಓಕೆ. ರೀಡಿಂಗ್ ಬೇಡ."

ತಪಾಸಕರ ಹೆಸರು ನಾಗಾರ್ಜುನ. ಇಸ್ತ್ರಿ ಮಾಡಿದ ಮನುಷ್ಯ. ಕಾರಿನಲ್ಲಿ ಬಿಸಿಲು ಕುಡಿದ ಚರ್ಮದ ಬ್ಯಾಗೊಂದನ್ನು ತಂದು ಹಾಲ್‌ನ ಬೆಂಚಿನ ಮೇಲೆ ಇಟ್ಟರು. ಬ್ಯಾಟರಿ ಸುರಕ್ಷತೆಯ ಮೇಲೆ ಅರ್ಧ ಗಂಟೆ, ಯಾರೂ ಕೇಳದೆ, ಮಾತಾಡಿದರು. ಮೇಜಿನ ಮೇಲೆ ಸೋಡಿಯಂ ಬ್ಯಾಟರಿಯೊಂದು ಅಲ್ಲಾಡುತ್ತಿತ್ತು. ಕಿಟಕಿಯಿಂದ ಇಡೀ ದೇವಲಾಪುರದ ಮಸಾಲೆ ಒಳಗೆ ಬರುತ್ತಿತ್ತು.

ಹೊನ್ನಪ್ಪನ ಮೂಗಿನ ಹೊಳ್ಳೆ ಅರಳಿತು. ಅವನು ಬಾಯಿ ಬಿಗಿಹಿಡಿದ. ಒಂದು ನಿಮಿಷ ತಡೆದ. ಆಮೇಲೆ, "ಸಾ, ಯೋಳ್ಲಾ ಬ್ಯಾಡ್ವಾ?" ಎಂದ.

ವಿನಯ್ ಕಣ್ಣಿನಲ್ಲೇ ಕೆಂಪು ಚೀಟಿ ತೋರಿಸಿದ.

"ಏನಂತೆ?" ಎಂದರು ನಾಗಾರ್ಜುನ.

"ಇವರು ಉಪಕರಣ ಸರ್. ಸದ್ಯಕ್ಕೆ ಬಳಕೆಯಲ್ಲಿಲ್ಲ."

ನಾಗಾರ್ಜುನರು ಚೀಟಿ ಓದಿ ಮೆಚ್ಚಿದರು. "ಸರಿಯಾಗಿದೆ. ಕೆಂಪು ಚೀಟಿ ಇರುವ ಉಪಕರಣ ಏನೇ ಹೇಳಿದರೂ ನಾನು ಕೇಳಿಸಿಕೊಳ್ಳುವ ಹಾಗಿಲ್ಲ."

"ಕೇಳ್ಬ್ಯಾಡಿ ಸಾ, ಆಚಿಗ್ ನಡೀರಿ. ಪಾಕ ಬಂದದೆ."

ವಿನಯ್ ಸೋಡಿಯಂ ಬ್ಯಾಟರಿಯ ಕಡೆ ನೋಡಿದ. ಅದು ಮೂವತ್ತು ಡಿಗ್ರಿಯಲ್ಲಿ ನೆಮ್ಮದಿಯಾಗಿತ್ತು. "ಎಲ್ಲಾ ಸರಿಯಾಗಿದೆಯಲ್ಲ ಹೊನ್ನಪ್ಪ."

"ಉಪ್ಪಿಂದಲ್ಲ ಸಾ, ಅದು ತಣ್ಣಗದೆ, ಸಾಧು ಎತ್ತು. ಇದು ಲಿಥಿಯಂದು. ಸಾಯೇಬ್ರ ಬ್ಯಾಗು."

"ನನ್ನ ಬ್ಯಾಗಿಗೆ ನೀನು..." ಎಂದು ನಾಗಾರ್ಜುನರು ಶುರುಮಾಡುವಷ್ಟರಲ್ಲಿ ಹೊನ್ನಪ್ಪ ಉದ್ದನೆಯ ಕಬ್ಬಿಣದ ಕೊಕ್ಕೆ ತೆಗೆದುಕೊಂಡು, ಬ್ಯಾಗಿನ ಹಿಡಿಗೆ ಸಿಕ್ಕಿಸಿ, ಕೊಪ್ಪರಿಗೆ ಇಳಿಸುವವನ ಹಾಗೆ ಮೈಯಿಂದ ದೂರ ಹಿಡಿದು ಹೊರಗೆ ನಡೆದಿದ್ದ. ಹಿಂದೆ ತಪಾಸಕರು, ಅವರ ಹಿಂದೆ ವಿನಯ್. ಅಂಗಳದ ಮರಳುಗುಂಡಿಗೆ ಬ್ಯಾಗು ಬಿತ್ತು, ಅದರ ಮೇಲೆ ಎರಡು ಬಕೆಟ್ಟು ಮರಳು.

ರಸ್ತೆಯಾಚೆಯಿಂದ ಚಿಕ್ಕಸ್ವಾಮಿಯ ಗಂಟಲು ಕೇಳಿಸಿತು. "ಭಾವ, ಆಪೀಸರ್ ಬ್ಯಾಗ್ನ ಯಾಕ್ ಊತ್ಬುಟ್ಟೆ?"

ಉತ್ತರ ಮರಳಿನೊಳಗಿಂದ ಬಂತು. ಮೊದಲು ಬುಸ್, ಆಮೇಲೆ ಢಬ್. ಮರಳು ಮೇಲೆದ್ದು ಬಿತ್ತು. ಬ್ಯಾಗಿನಲ್ಲಿ ಮೊಬೈಲು ಚಾರ್ಜು ಮಾಡುವ ಹಳೆಯ ಪವರ್ ಬ್ಯಾಂಕೊಂದು ಊದಿಕೊಂಡು ಮಲಗಿತ್ತು. ಬ್ಯಾಟರಿ ಸುರಕ್ಷತೆಯ ಯಾವುದೋ ಸಮ್ಮೇಳನದಲ್ಲಿ ನೆನಪಿನ ಕಾಣಿಕೆಯಾಗಿ ಸಿಕ್ಕಿದ್ದಂತೆ.

ಮಂಚಮ್ಮ ಮನೆಯಿಂದ ಹೊಸತೊಡಕಿನ ಊಟ ಕಳಿಸಿದಳು. ನಾಗಾರ್ಜುನರು ತಾವು ಮಾಂಸ ತಿನ್ನುವುದಿಲ್ಲ ಎಂದು ಬರೀ ಅನ್ನ ಮಜ್ಜಿಗೆ ಉಂಡು, ಯಾರದೋ ಪೆನ್ನು ಕೇಳಿ ಪಡೆದು, ವರದಿ ಬರೆದರು. ಬರೆಯುತ್ತ ಬರೆಯುತ್ತ ಅವರ ಇಸ್ತ್ರಿ ಮರಳಿ ಬಂತು. ಶೆಡ್ಡಿನಲ್ಲಿ ಅವರು ಕಂಡ ಲೋಪ ಒಂದೇ: ಹೊರಗಿನವರು ಅಪಾಯಕಾರಿ ಬ್ಯಾಟರಿ ಒಳಗೆ ತಂದರೆ ತಡೆಯುವ ವ್ಯವಸ್ಥೆ ಇಲ್ಲ. ಪರಿಹಾರ: ಗೇಟಿನಲ್ಲಿ ಒಂದು ಪತ್ತೆ ಉಪಕರಣ ಇರಿಸಬೇಕು. ಅದು ಸೂಚನೆ ಕೊಟ್ಟರೆ ಸಾಕು, ಅಳೆಯಬೇಕಾಗಿಲ್ಲ. ಆದ್ದರಿಂದ ಸರ್ಟಿಫಿಕೇಟೂ ಬೇಡ. ಇಷ್ಟಾದರೆ ಮಾನ್ಯತೆ.

ಅವರು ಹೋದ ಮೇಲೆ ವಿನಯ್ ವರದಿಯನ್ನು ಎದೆಗೆ ಒತ್ತಿಕೊಂಡು ಬಂದ. "ಹೊನ್ನಪ್ಪ, ನೀವು ಉಳಿದಿರಿ. ಸರ್ಟಿಫಿಕೇಟೇ ಬೇಡವಂತೆ. ಗೇಟಿನಲ್ಲಿ ಕೂತು ಬಂದವರನ್ನ ಮೂಸಿದರೆ ಸಾಕು."

ಯಾವ ಗೇಟಿಗೆ ಹೆದರಿ ಶ್ರೀರಂಗಪಟ್ಟಣಕ್ಕೂ ಬೂಕನಕೆರೆಗೂ ಅಲೆದನೋ ಅದೇ ಗೇಟು, ಈಗ ಬಹುಮಾನವಾಗಿ ಬಂದಿತ್ತು. ಹೊನ್ನಪ್ಪ ಕೆಂಪು ಚೀಟಿಯನ್ನು ಬೆರಳಿಗೆ ಸುತ್ತುತ್ತ ರಸ್ತೆಯ ಕಡೆ ನೋಡಿದ. ಚಿಕ್ಕಸ್ವಾಮಿ ಬಾಂಡ್ಲಿಗೆ ಮೆಣಸಿನಕಾಯಿ ಬಿಡುತ್ತಿದ್ದ.

"ಆಗಕಿಲ್ಲ ಸಾ" ಎಂದ ಹೊನ್ನಪ್ಪ.

"ಯಾಕೆ?"

"ನಮ್ ಬಾಮೈದ ಬಜ್ಜಿ ಕರೀತಾನೆ. ಆ ಎಣ್ಣೆ ವಾಸ್ನೇಲಿ ಏನ್ ಗೊತ್ತಾಯ್ತದೆ ಸಾ? ರೀಡಿಂಗ್ ತಪ್ಪಾಯ್ತದೆ."

ರೀಡಿಂಗ್ ತಪ್ಪಾಗುತ್ತದೆ ಎಂಬ ಮಾತು ವಿನಯ್‌ನ ಹೃದಯಕ್ಕೆ ನೇರವಾಗಿ ನಾಟಿತು. ಇಡೀ ಊರಿನ ಮಟನ್ ಮಸಾಲೆಯ ನಡುವೆ ಚರ್ಮದ ಬ್ಯಾಗಿನೊಳಗಿನ ಸಿಹಿಯನ್ನು ಹಿಡಿದ ಮೂಗಿಗೆ ನಾಲ್ಕು ಬಜ್ಜಿ ಹೇಗೆ ಅಡ್ಡವಾಯಿತು ಎಂದು ಅವನು ಕೇಳಲಿಲ್ಲ. ಸಂಜೆಯೊಳಗೆ ಹಾಲ್‌ನ ಬಾಗಿಲಿಗೆ "ಗೇಟು ೨" ಎಂದು ಬೋರ್ಡು ಬಿತ್ತು. ಬಾಗಿಲಿನ ಒಳಮಗ್ಗುಲಿಗೆ, ಹಳದಿ ಗೆರೆಯ ಹಿಂದೆ, ಬಕೆಟ್ಟಿನ ಪಕ್ಕ, ಹೊನ್ನಪ್ಪನಿಗೆ ಒಂದು ಕುರ್ಚಿ. ಹಿಂದೆ ನಿಲ್ಲುತ್ತಿದ್ದ ಜಾಗವೇ, ಈಗ ಕೂರಬಹುದು. ಜೇಬಿನ ಮೇಲೆ ಹಳದಿ ಚೀಟಿ: "ಸೂಚನೆಗೆ ಮಾತ್ರ." ಅಂಗಿ ಒಗೆಯುವ ದಿನ ಮಂಚಮ್ಮ ಅದನ್ನು ಬಿಡಿಸಿ, ದೇವರ ಪಟದ ಗಾಜಿಗೆ ಅಂಟಿಸಿ, ಅಂಗಿ ಒಣಗಿದ ಮೇಲೆ ಮತ್ತೆ ಜೇಬಿಗೆ ಒತ್ತುತ್ತಾಳೆ.

ದೊಡ್ಡ ಗೇಟಿಗೆ ಯಾಕೆ ಉಪಕರಣ ಇರಿಸಿಲ್ಲ ಎಂಬುದಕ್ಕೆ ವಿನಯ್ ಕಾರಣ ಬರೆಯಬೇಕಾಯಿತು. "ಅಡ್ಡಿ ವಾಸನೆಯ ಮೂಲ: ಚಿಕ್ಕಸ್ವಾಮಿಯವರ ಬಜ್ಜಿ" ಎಂದು ನಿಯಮಾವಳಿಯ ನಲವತ್ತೊಂದನೇ ಪುಟದಲ್ಲಿದೆ. ಅದರ ನಕಲನ್ನು ಚಿಕ್ಕಸ್ವಾಮಿ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿದ್ದಾನೆ. ನಾಗಮಂಗಲದ ಬಸ್ಸಿಗೆ ಕಾಯುವವರಿಗೆ ಅದನ್ನು ತೋರಿಸಿ, "ನಮ್ ಬಜ್ಜಿ ಗಮಲಿಗೆ ಮಿಸೀನೇ ಎದರ್ಕತದೆ ಕಣಣ್ಣ. ಬೇಕಾದ್ರೆ ನಮ್ ಭಾವುನ್ನ ಕೇಳು. ಅವ್ರು ಒಳ್ಗಡೆ ಅವ್ರೆ" ಎನ್ನುತ್ತಾನೆ.