ಎತ್ತಿನ ಹಣೆಯಲ್ಲಿ ನಮ್ಮ ಕಾರಿನ ಮೂಗುತಿ

ಡರ್ರ್ ಡಬ್ ಡಬ್, ಡರ್ರ್ ಡಬ್ ಡಬ್. ಮೂಡಲಗಿಯ ಆ ಪೇಂಟಿಂಗ್ ಶೆಡ್ಡಿನ ಕಂಪ್ರೆಸರ್ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕೊರೋನಾ ಗಲಾಟೆ ಮುಗಿದ ಮರುವರ್ಷ, ಕಾರಹುಣ್ಣಿಮೆಗೆ ಎಂಟು ದಿನ ಇದ್ದಾಗಿನ ಮಾತು. ನನಗಾಗ ಎಪ್ಪತ್ತೆರಡು ವರ್ಷ.

ನಮ್ಮ ಮನೆಯವರು ಗೋಕಾಕದಲ್ಲಿ ನಲವತ್ತು ವರ್ಷ ಡಾಕ್ಟರಿಕೆ ಮಾಡಿದವರು. ಅವರಿಗೆ ಪ್ರಾಣವೆಂದರೆ ಎರಡೇ: ನಾನು ಮತ್ತು ಕೆನೆಬಣ್ಣದ ಹಳೆಯ ಅಂಬಾಸಡರ್. ಇದರಲ್ಲಿ ಯಾರು ಫಸ್ಟ್, ಯಾರು ಸೆಕೆಂಡ್ ಎಂದು ನಾನು ಕೇಳಲು ಹೋಗಿಲ್ಲ. ರವಿವಾರ ಬಂತೆಂದರೆ ಬಂಪರ್, ಗ್ರಿಲ್, ಬಾಗಿಲ ಹಿಡಿಕೆ, ಚಕ್ರದ ಕಪ್, ಹೀಗೆ ಬೆಳ್ಳಿಯಂತೆ ಹೊಳೆಯುವ ಕ್ರೋಮ್ ಇದ್ದಲ್ಲೆಲ್ಲ ಹಳೆಯ ಧೋತರದ ತುಂಡಿನಿಂದ ತಾವೇ ಉಜ್ಜುತ್ತಿದ್ದರು. ಬಾನೆಟ್ಟಿನ ತುದಿಯಲ್ಲಿ ರೆಕ್ಕೆ ಚಾಚಿದಂತಿರುವ ಒಂದು ಕ್ರೋಮ್ ತುಂಡಿದೆ. ಅದಕ್ಕೆ ಅವರಿಟ್ಟ ಹೆಸರು ಮೂಗುತಿ. ಮನೆಗೆ ಯಾರೇ ಬರಲಿ, ಚಹಾ ಬರುವುದಕ್ಕಿಂತ ಮೊದಲು, "ಎಲ್ಲಾ ಒರಿಜಿನಲ್ ಐತ್ರಿ, ಒಂದ ಸ್ಕ್ರೂ ಸೈತ ಬದಲಾಗಿಲ್ಲ" ಅನ್ನುವುದು ಆಗಲೇಬೇಕು.

ಆ ವರ್ಷ ಅವರ ಎರಡೂ ಕಣ್ಣಿಗೆ ಪೊರೆಯ ಆಪರೇಶನ್ ಆಯಿತು. ಬೆಳಗಾವಿಯಿಂದ ಬಂದು ಹುಕ್ಕೇರಿಯ ತಂಗಿಯ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು. ಒಂದು ದಿನ ಫೋನಿನಲ್ಲಿ ಹೇಳಿದರು, "ಕಾರಹುಣ್ಣಿಮಿ ಮರುದಿನ ಒಬ್ಬ ಡ್ರೈವರನ್ನ ಹಿಡದ ಗಾಡಿ ತಗೊಂಡ ಬಾ. ಕನ್ನಡಕ ತಗದ ಮೊದಲ ನನ್ನ ಗಾಡಿ ನೋಡ್ತೇನಿ."

"ನನ್ನ ನೋಡೂದಿಲ್ಲೇನು?" ಎಂದೆ.

"ನೀ ಗಾಡ್ಯಾಗ ಇರ್ತೀಯಲ್ಲ."

ಹೊಸ ಕಣ್ಣಿಗೆ ಮಾಸಿದ ಗಾಡಿ ಯಾಕೆ ತೋರಿಸಬೇಕು? ಅದೇ ಬಣ್ಣ ಹೊಸದಾಗಿ ಹೊಡೆಸಿ ಸರ್ಪ್ರೈಸ್ ಕೊಡೋಣ ಅನ್ನಿಸಿತು. ಗೋಕಾಕದ ಪೇಂಟರ್ ಒಂದು ತಿಂಗಳು ಕೇಳಿದ. ಮೂಡಲಗಿಯ ಮಲ್ಲಪ್ಪ ಒಂದು ವಾರ ಅಂದ. ಕಬ್ಬಿನ ಟ್ರೇಲರುಗಳಿಗೆ ಬಣ್ಣ ಹೊಡೆಯುವುದರಲ್ಲಿ ಅವನದು ದೊಡ್ಡ ಹೆಸರು. ಬಾಡಿಗೆ ಡ್ರೈವರನಿಂದ ಗಾಡಿ ಒಯ್ಯಿಸಿ, ಕೆನೆಬಣ್ಣದ ಸ್ಯಾಂಪಲ್ ಕೊಟ್ಟು ನಾನೇ ಹೇಳಿ ಬಂದೆ: "ಏನೂ ಬಿಡಬ್ಯಾಡ ಮಲ್ಲಪ್ಪಾ, ಹೊಸಾದ್ರಂಗ ಕಾಣಬೇಕು."

ವಾರ ಬಿಟ್ಟು ಹೋದೆ. ಕಂಪ್ರೆಸರ್ ಬಂದ್ ಮಾಡಿ ಮಲ್ಲಪ್ಪ ಮದುವೆಮನೆಯ ಯಜಮಾನನ ಹಾಗೆ ಎದುರು ಬಂದ. "ಹ್ಯಾಂಗೈತ್ರಿ ಬಾಯಾರ? ಒಂದ ಬೆರಳಷ್ಟೂ ಜಾಗಾ ಬಿಟ್ಟಿಲ್ಲ!"

ಖರೆ, ಬಿಟ್ಟಿರಲಿಲ್ಲ. ಬಂಪರ್ ಕೆನೆ, ಗ್ರಿಲ್ ಕೆನೆ, ಹಿಡಿಕೆ ಕೆನೆ. ಗಾಜಿನ ಸುತ್ತಲಿನ ರಬ್ಬರ್ ಕೂಡ ಕೆನೆ. ನಾಲ್ಕೂ ಚಕ್ರಕ್ಕೆ ಹೊಸ ಪ್ಲಾಸ್ಟಿಕ್ ಕಪ್ಪುಗಳು, ಅವನ ಕಡೆಯಿಂದ ಗಿಫ್ಟ್ ಅಂತೆ. ಹಿಂಬದಿಗೆ ಎರಡು ಕಮಲದ ಹೂವಿನ ನಡುವೆ ಕೆಂಪಕ್ಷರದಲ್ಲಿ 'ಡಾಕ್ಟರ್ ಸಾಹೇಬ್ರು, ಗೋಕಾಕ'. ಗಾಡಿ ಗಾಡಿಯಾಗಿ ಉಳಿದಿರಲಿಲ್ಲ, ದೊಡ್ಡದೊಂದು ಪೇಢೆಯಾಗಿತ್ತು.

ಸಿಟ್ಟು ಬಂದರೆ ನನ್ನ ಬಾಯಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಮಾತಾಡುತ್ತಾರೆ. "ಯು ಸಿಲ್ಲಿ, ಕೇರ್‌ಲೆಸ್ ಮ್ಯಾನ್!" ಎಂದು ಶುರುಮಾಡಿದವಳು ಐದು ನಿಮಿಷ ನಿಲ್ಲಲಿಲ್ಲ.

ಮಲ್ಲಪ್ಪ ಕೈಕಟ್ಟಿ ಎಲ್ಲ ಕೇಳಿದ. ಆಮೇಲೆ ಮೆಲ್ಲಗೆ ಅಂದ, "ಕನ್ನಡದಾಗ ಬೈರ್ರಿ ಬಾಯಾರ, ನನಗೂ ತಿಳೀಲಿ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬಣ್ಣದ ಡಬ್ಬಿಯ ಮೇಲೆ ಕುಳಿತು ಹೊಸ ಕಣ್ಣಿನ ಕಥೆ ಹೇಳಿದೆ. ಅವನ ಮುಖ ಸಣ್ಣದಾಯಿತು.

"ಟ್ರೇಲರಿಗೆ ನಟ್ ಬೋಲ್ಟ್ ಸೈತ ಬಿಡೂದಿಲ್ರಿ ನಾ. ಬಿಟ್ರ ಜಂಗ ಹಿಡದ ಕಬ್ಬಿಣಾ ತಿಂತೈತಿ. ಅದ ಕೈ ಇದಕ್ಕೂ ಹೊಳ್ಳಿತು. ನೀವ ಎಂಟ ದಿನಾ ಕೊಡ್ರಿ. ಹಚ್ಚಿದ ಕೈಗೆ ತಗಿಯಾಕೂ ಬರ್ತೈತಿ."

ಮರುದಿನದಿಂದ ಬಸ್ಸಿನಲ್ಲಿ ಟಿಫಿನ್ ಡಬ್ಬಿ, ಹಳೆಯ ವಾಯಲ್ ಸೀರೆಗಳ ಗಂಟು ಹೊತ್ತು ಮೂಡಲಗಿಗೆ ನನ್ನ ಡ್ಯೂಟಿ. ಮಲ್ಲಪ್ಪ ಕೆರೆಯುವ ಪಟ್ಟಿ ಎತ್ತಿದರೆ ಸಾಕು, ನಾನು ಕೈಮೇಲೆ ಹೊಡೆಯುತ್ತಿದ್ದೆ. ಗೀರು ಬಿದ್ದರೆ ಮುಗೀತು! ಥಿನ್ನರಿನಲ್ಲಿ ಅದ್ದಿದ ಸೀರೆಯ ಚೂರಿನಿಂದ ಒತ್ತಿ ಒತ್ತಿ ಉಜ್ಜಬೇಕು. ಪುಣ್ಯಕ್ಕೆ ನುಣ್ಣಗಿನ ಕ್ರೋಮ್ ಬಣ್ಣವನ್ನು ಗಟ್ಟಿಯಾಗಿ ಹಿಡಿದಿರಲಿಲ್ಲ, ಹಾಲಿನ ಕೆನೆಯಂತೆ ಸುಲಿದು ಬರುತ್ತಿತ್ತು. ಮೊದಲು ಬಿಡುಗಡೆಯಾದದ್ದು ಬಲಗಡೆಯ ಹೆಡ್‌ಲೈಟಿನ ಬಳೆ. ಅದರಲ್ಲಿ ನನ್ನ ಮುಖ ಕುಂಬಳಕಾಯಿಯಂತೆ ಕಂಡಾಗ ಚಪ್ಪಾಳೆ ತಟ್ಟಿದೆ. ಹಳೆಯ ಚಕ್ರದ ಕಪ್ಪುಗಳು ಶೆಡ್ಡಿನಲ್ಲೇ ಸಿಕ್ಕವು. ನಾಲ್ಕರಲ್ಲೂ ಬಣ್ಣ ಕಲಸಿಟ್ಟಿದ್ದ ಮಹಾರಾಯ!

ಏಳನೆಯ ದಿನಕ್ಕೆ ಎಲ್ಲ ಮುಗಿಯಿತು. ಕಮಲಗಳೂ ಹೋದವು. ದೂರ ನಿಂತು ನೋಡಿದೆ. ಮೂಗುತಿ ಎಲ್ಲಿ?

ಮಲ್ಲಪ್ಪ ತಲೆ ಕೆರೆದುಕೊಂಡ. "ಅದು ಸಡ್ಲ ಆಗಿತ್ರಿ, ತಗದ ಬಾಜೂಕ ಇಟ್ಟಿದ್ದೆ. ಘೋಡಗೇರಿ ನಿಂಗವ್ವಾಯಿ ಟ್ರೇಲರ್ ಒಯ್ಯಾಕ ಬಂದಾಕಿ, ನಮ್ಮ ಎತ್ತಿನ ಹಣಿಗೆ ಒಪ್ಪತೈತಿ ಅಂದ್ಳು. ಕೊಟ್ಟ ಬಿಟ್ಟೇನಿ."

ಮರುದಿನವೇ ಕಾರಹುಣ್ಣಿಮೆ. ಸ್ಟೇರಿಂಗ್ ಹಿಡಿದು ಗೋಕಾಕದ ಬಸ್‌ಸ್ಟ್ಯಾಂಡ್ ದಾಟಲು ಮನೆಯವರು ನನ್ನನ್ನು ಎಂದೂ ಬಿಟ್ಟವರಲ್ಲ. ಅವತ್ತು ಮಲ್ಲಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಧುಪದಾಳದ ಮೇಲೆ ಹಾಯ್ದು ಘೋಡಗೇರಿಗೇ ಹೊಡೆದೆ. ಅವನು ದಾರಿಯುದ್ದಕ್ಕೂ ಎರಡೂ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡು ಕುಳಿತಿದ್ದ.

ನಿಂಗವ್ವನ ಅಂಗಳದಲ್ಲಿ ಬಿಳಿ ಎತ್ತು ನಿಂತಿತ್ತು. ಕೋಡಿಗೆ ಬಣ್ಣ, ಬೆನ್ನಿಗೆ ಜೂಲು. ಹಣೆಯ ನಡುವೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ನಮ್ಮ ಮೂಗುತಿ! ಸುಳ್ಳು ಯಾಕೆ ಹೇಳಲಿ, ಕಾರಿಗಿಂತ ಚೆಂದ ಒಪ್ಪಿತ್ತು.

ವಿಷಯ ಹೇಳಿ ಕೇಳಿದೆ. ನನಗಿಂತ ಹಿರಿಯಳಾದ ನಿಂಗವ್ವ ಸೊಂಟದ ಮೇಲೆ ಕೈ ಇಟ್ಟಳು. "ಕೊಡ್ತೇನಿ ತಂಗಿ, ನಿಂದು ನನಗ್ಯಾಕ? ಆದ್ರ ಪೂಜಿ ಮಾಡಿ ಕಟ್ಟೇವಿ. ಕರಿ ಹರಿಯೂತನಾ ಬಿಚ್ಚಾಕ ಬರೂದಿಲ್ಲ. ಇವತ್ತ ನನ್ನ ಎತ್ತಿನ ಹಬ್ಬ, ನಾಳಿ ನಿನ್ನ ಗಾಡೀದು. ಕುಂಡ್ರು, ಹೋಳಿಗಿ ಉಣ್ಣು."

ಸಂಜೆ ಊರ ಅಗಸೆ ಬಾಗಿಲಿಗೆ ಬೇವಿನ ಸೊಪ್ಪಿನ ಹಗ್ಗ ಅಡ್ಡ ಕಟ್ಟಿದರು. ಅದೇ ಕರಿ. ಓಡಿ ಬಂದು ಮೊದಲು ಅದನ್ನು ಹರಿದ ಎತ್ತು ಗೆದ್ದ ಹಾಗೆ. ಹಲಗೆ ಬಡಿದದ್ದೇ ತಡ, ಧೂಳೆದ್ದಿತು. ಮೂಗುತಿ ಬಿದ್ದರೆ ಅಷ್ಟು ಗೊರಸುಗಳ ಕೆಳಗೆ ಪುಡಿಪುಡಿ. ಓ ಮೈ ಗಾಡ್ ಎಂದು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಧೂಳಿನೊಳಗಿಂದ ಬಿಳಿ ಎತ್ತು ಎಲ್ಲಕ್ಕಿಂತ ಮುಂದೆ ಬರುತ್ತಿತ್ತು. ಮೂಗುತಿ ಒಂದು ಕಿವಿಯ ಮೇಲೆ ಜೋತು ಬಿದ್ದು ಕುಣಿಯುತ್ತಿತ್ತು. ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದೆ. ಹಾಸ್ಟೆಲ್ ಬಿಟ್ಟಮೇಲೆ ಅದೇ ಮೊದಲು. ಹಗ್ಗ ಹರಿಯಿತು, ಊರು ಹೋ ಎಂದಿತು, ಮಲ್ಲಪ್ಪ ಅಲ್ಲೇ ಕುಣಿದುಬಿಟ್ಟ.

ನಿಂಗವ್ವ ತಾನೇ ಬಿಚ್ಚಿ, ಸೆರಗಿನಿಂದ ಒರೆಸಿ ಕೊಟ್ಟಳು. ಬದಲಿಗೆ ಕೇಳಿದ್ದು ಒಂದೇ: "ನಿನ್ನ ಗಾಡ್ಯಾಗ ಒಂದ ಸುತ್ತ ಹಾಕಸು." ಹಾಕಿಸಿದೆ. ಮುಂದಿನ ಸೀಟಿನಲ್ಲಿ ಅವಳು, ಹಿಂದೆ ಮಲ್ಲಪ್ಪ. ಎದುರಿಗೆ ಸಿಕ್ಕ ಪ್ರತಿಯೊಬ್ಬ ಹೆಣ್ಣುಮಗಳಿಗೂ ಅವಳು, "ನೋಡ, ಹೆಂಗಸ ಹೊಡ್ಯಾಕತ್ತಾಳ!" ಎಂದು ಕೂಗಿ ಹೇಳಿದಳು. ಆ ರಾತ್ರಿ ಅವಳ ಮನೆಯಲ್ಲೇ ಮಲಗಿದೆವು.

ಬೆಳಿಗ್ಗೆ ಮೂಗುತಿಯನ್ನು ಅದರ ಜಾಗದಲ್ಲಿ ಕೂರಿಸಿಕೊಂಡು ಹುಕ್ಕೇರಿ ಮುಟ್ಟಿದೆವು. ಮನೆಯವರು ಕಟ್ಟೆ ಇಳಿದು ಬಂದು ಕನ್ನಡಕ ತೆಗೆದರು. ಗಾಡಿಯನ್ನು ಒಂದು ಸುತ್ತು ಬಂದರು. ಬಂಪರಿಗೆ ಬಗ್ಗಿದರು, ಹಿಡಿಕೆ ಮುಟ್ಟಿದರು, ಮೂಗುತಿ ಸವರಿದರು. ಮಲ್ಲಪ್ಪ ಬಾಗಿಲ ಮರೆಯಲ್ಲಿ ನಿಂತಿದ್ದ.

ಕೊನೆಗೆ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು. "ನೋಡಿದ್ಯಾ? ಅದ ಗಾಡಿ, ಅದ ಬಣ್ಣ. ಎಷ್ಟ ಹೊಳ್ಯಾಕತ್ತೈತಿ! ಇಷ್ಟ ದಿನಾ ನಾ ಎಂಥಾ ಕಣ್ಣಾಗ ನೋಡತಿದ್ದೆ ಮಾರಾಯ್ತಿ. ಆಪರೇಶನ್ ಮಾಡಿದ ಡಾಕ್ಟರ್ ಭಾಳ ಹುಷಾರ!"

ಬಾಗಿಲ ಮರೆಯಲ್ಲಿ ಮಲ್ಲಪ್ಪ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ನಾನು "ಹೂಂ ರೀ, ಆಪರೇಶನ್ ಸಕ್ಸೆಸ್" ಎಂದೆ. ಈವರೆಗೂ ಅಷ್ಟೇ ಹೇಳಿದ್ದೇನೆ. ಅವರು ಈ ಬರಹ ಓದಿದ ದಿನ ನನಗೆ ಕಾದಿದೆ. ಓದಲಿ ಬಿಡಿ. ಐವತ್ತು ವರ್ಷದ ಸಂಸಾರದಲ್ಲಿ ನಾನು ಅಷ್ಟು ಖುಷಿಯ ಸುಳ್ಳು ಇನ್ನೊಂದು ಹೇಳಿಲ್ಲ.

ಮನೆಯವರು ಬಾಡಿಗೆ ಡ್ರೈವರ್ ಎಂದೇ ತಿಳಿದಿದ್ದ ಮಲ್ಲಪ್ಪನನ್ನು ಹುಕ್ಕೇರಿಯ ಬಸ್‌ಸ್ಟ್ಯಾಂಡಿಗೆ ಬಿಟ್ಟೆವು. ಆ ಮಳೆಗಾಲದಲ್ಲೇ ಅವನು ಶೆಡ್ ಮುಚ್ಚಿ ಸಾಂಗಲಿ ಕಡೆ ಹೋದನಂತೆ, ಮತ್ತೆ ಸಿಗಲಿಲ್ಲ. ಅವತ್ತು ಮೂಡಲಗಿಯ ಬಸ್ಸು ಹೊರಟಾಗ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ. ನಾನು ಕೈ ಬೀಸಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಬಿಸಿಲಿಗೆ ಬೆಳ್ಳಗೆ ಮಿಂಚುತ್ತಿದ್ದ ನಮ್ಮ ಬಂಪರನ್ನೇ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ, ಬಾಯಿ ತುಂಬ ನಗುತ್ತ ನೋಡುತ್ತಿದ್ದ.