ಕೆಳಗಿನ ಮಂಚದವರ ಹಸಿರು ಕಾರ್ಡು

ಎರಡು ವಾರಗಳ ಹಿಂದೆ ಒಂದು ಶುಕ್ರವಾರ ನನ್ನ ಮೊಮ್ಮಗಳು ಕಪಾಟಿನ ಮೇಲಿದ್ದ ನನ್ನ ಹಳೆಯ ಸೂಟ್‌ಕೇಸನ್ನು ಕೆಳಗಿಳಿಸಿದಳು. ಅವಳೂ ಅವಳ ಗೆಳತಿಯರೂ ಶಾಲೆಯ ಸ್ಪರ್ಧೆಗೆಂದು ಮನಸ್ಸಿನ ಕಾಯಿಲೆಯ ಬಗ್ಗೆ ಒಂದು ಕಿರುಚಿತ್ರ ಮಾಡುತ್ತಿದ್ದರು. ಅದಕ್ಕೆ ಮಾಸಿದ ಅಂಗಿಯೊಂದು ಬೇಕಿತ್ತು. ನನ್ನ ಹಳೆಯ ಯೂನಿಫಾರ್ಮ್ ಅಂಗಿಯನ್ನು ಒದರಿದಾಗ ಜೇಬಿನಿಂದ ಒಂದು ಹಸಿರು ಪ್ಲಾಸ್ಟಿಕ್ ಕಾರ್ಡು ನೆಲಕ್ಕೆ ಬಿತ್ತು. ಅಂಗೈಯಷ್ಟು ಉದ್ದ, ಮೇಲ್ಗಡೆ ಒಂದು ತೂತು, ಒಂದು ಮೂಲೆ ಕತ್ತರಿಸಿದೆ. ಎತ್ತಿ ಮೂಗಿನ ಹತ್ತಿರ ಹಿಡಿದೆ. ಲವಂಗದ ವಾಸನೆ ಇನ್ನೂ ಇತ್ತು... ಅಥವಾ ಇದೆಯೆಂದು ನನಗೆ ಅನಿಸಿತು.

"ಅಜ್ಜ, ಇದ್ರಲ್ಲಿ ಫೋಟೋ ನಿಮ್ದಲ್ಲ," ಎಂದಳು.

"ಅಲ್ಲ. ಕೆಳಗಿನ ಮಂಚದವರದ್ದು."

ಅವಳಿಗೆ ಅರ್ಥವಾಗಲಿಲ್ಲ. ದೋಹಾದ ಅಲ್ ಥುಮಾಮಾದ ಈ ಫ್ಲಾಟಿನಲ್ಲಿ ಅವಳಿಗೆ ಸ್ವಂತ ಕೋಣೆಯಿದೆ. ಕಬ್ಬಿಣದ ಒಂದು ಮಂಚದ ಮೇಲೆ ಇನ್ನೊಂದು ಮಂಚ, ಮೇಲಿನದರಲ್ಲಿ ನಾನು, ಕೆಳಗಿನದರಲ್ಲಿ ಅವರು, ಹೀಗೆ ಏಳು ವರ್ಷ ಕಳೆದೆವು ಎಂದು ಅವಳಿಗೆ ಹೇಗೆ ಹೇಳಲಿ? ಅವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಒಮ್ಮೆ ಅವರನ್ನು ಎಲ್ಲರೆದುರು ನಿಲ್ಲಿಸಿದ್ದೇ ಸಾಕು.

ನಾನು ಓದಿದ್ದು ಹತ್ತನೆಯ ತರಗತಿ. ಕತಾರಿನ ಗ್ಯಾಸ್ ಕಾರ್ಖಾನೆಗಳಿರುವ ರಾಸ್ ಲಫಾನ್‌ನಲ್ಲಿ ಒಂದು ಕಾಂಟ್ರಾಕ್ಟ್ ಕಂಪನಿಯ ಸ್ಟೋರ್‌ಕೀಪರ್ ಆಗಿದ್ದೆ; ಕೈಗವಸು, ಟಾರ್ಚು, ಹಗ್ಗ ಕೊಟ್ಟು ಸಹಿ ಹಾಕಿಸಿಕೊಳ್ಳುವ ಕೆಲಸ. ಕೆಳಗಿನ ಮಂಚದವರು ಮೈಸೂರು ಕಡೆಯವರು. ಅವರ ಕೆಲಸ ಟ್ಯಾಂಕಿನ ಬಾಗಿಲಲ್ಲಿ ಕೂರುವುದು. ದೊಡ್ಡ ಟ್ಯಾಂಕುಗಳನ್ನು ಖಾಲಿ ಮಾಡಿ ತೊಳೆಯುವಾಗ, ಒಳಗಿಳಿಯುವ ಪ್ರತಿಯೊಬ್ಬನೂ ತನ್ನ ಹಸಿರು ಕಾರ್ಡನ್ನು ಬಾಗಿಲ ಪಕ್ಕದ ಬೋರ್ಡಿನ ಕೊಕ್ಕೆಗೆ ಸಿಕ್ಕಿಸಿ ಇಳಿಯಬೇಕು. ಹೊರಗೆ ಬಂದಾಗ ಅವನೇ ತೆಗೆದುಕೊಳ್ಳಬೇಕು. ಬೇರೆಯವರ ಕಾರ್ಡನ್ನು ಯಾರೂ ಮುಟ್ಟುವಂತಿಲ್ಲ, ಮ್ಯಾನೇಜರ್ ಕೂಡ. ಬೋರ್ಡಿನಲ್ಲಿ ಒಂದೇ ಒಂದು ಕಾರ್ಡು ತೂಗುತ್ತಿದ್ದರೂ ಒಳಗೆ ಒಬ್ಬ ಮನುಷ್ಯ ಇದ್ದಾನೆ ಎಂದು ಅರ್ಥ. ಬಾಗಿಲು ಮುಚ್ಚುವ ಹಾಗಿಲ್ಲ. ಆ ಬೋರ್ಡಿನ ಮುಂದೆ, ನಲವತ್ತೆಂಟು ಡಿಗ್ರಿ ಬಿಸಿಲಿನಲ್ಲಿ, ಒಂದು ದಿನವೂ ಎಣಿಕೆ ತಪ್ಪದೆ ಅವರು ಕೂತಿದ್ದರು.

ಅವರ ತೊಂದರೆಯನ್ನು ನಾನು ನೋಡಿದ್ದು ರೂಮಿನಲ್ಲಿ, ಒಂದು ಶುಕ್ರವಾರ ಊಟವಾದ ಮೇಲೆ. ಮಂಚದ ಅಂಚಿನಲ್ಲಿ ಕೂತು ತಮ್ಮ ಎರಡೂ ಕೈಗಳನ್ನು ನೋಡುತ್ತಿದ್ದರು, ಯಾರೋ ಅಲ್ಲಿಟ್ಟು ಹೋದ ಸಾಮಾನಿನ ಹಾಗೆ. ಕರೆದೆ. ಭುಜ ಮುಟ್ಟಿದೆ, ತಿರುಗಲಿಲ್ಲ. ಅರ್ಧ ಗಂಟೆಯ ಮೇಲೆ ಜೇಬಿನಿಂದ ಒಂದು ಲವಂಗ ತೆಗೆದು ಕಚ್ಚಿದರು. ಕಣ್ಣಲ್ಲಿ ನೀರು ಬಂತು. ಆಮೇಲೆ ನನ್ನನ್ನು ನೋಡಿದರು.

"ಹೆದರಿಬಿಟ್ರಾ ಸ್ವಾಮಿ?"

"ಮತ್ತೆ? ಎಂತ ಆಯ್ತು ಮಾರಾಯ್ರೆ ನಿಮ್ಗೆ?"

"ಏನೂ ಆಗಿಲ್ಲ ಕಣ್ರೀ. ಒಳಗೆ ಹೋಗಿದ್ದೆ. ನಿಮ್ಮ ಮಾತು ಕೇಳ್ತಿರುತ್ತೆ, ಆದ್ರೆ ಪಕ್ಕದ ರೂಮಿನ ಟಿವಿ ಥರ. ಈ ಕೈ ನಂದು ಅಂತ ಗೊತ್ತು, ನಂದು ಅನ್ಸಲ್ಲ. ಅಷ್ಟೇ."

ಊರಿಗೆ ರಜೆಗೆ ಹೋದಾಗ ಡಾಕ್ಟರಿಗೆ ತೋರಿಸಿದ್ದರಂತೆ. ಡಾಕ್ಟರು ಇದಕ್ಕೊಂದು ಹೆಸರು ಹೇಳಿ, ಇದು ಹುಚ್ಚಲ್ಲ, ಮನಸ್ಸು ಭಾರ ತಡೆಯಲಾಗದೆ ಸ್ವಲ್ಪ ಹಿಂದೆ ಸರಿದು ನಿಲ್ಲುವುದು ಎಂದಿದ್ದರಂತೆ. ಆ ಭಾರ ಯಾವುದೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕಂಪನಿಗೆ ತಿಳಿಸುವ ಧೈರ್ಯ ಅವರಿಗೆ ಇರಲಿಲ್ಲ.

ಮರುದಿನ ಮಂಚದ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದರು. ಹೊಸ ಕಾರ್ಡು ಬಂದಾಗ ಕಂಪನಿ ಮೂಲೆ ಕತ್ತರಿಸಿ ವಾಪಸು ಕೊಟ್ಟಿದ್ದ ಹಳೆಯ ಕಾರ್ಡು ಅವರ ಬಳಿ ಇತ್ತು. "ಇದು ಇಲ್ಲಿ ತೂಗ್ತಾ ಇದ್ರೆ ನಾನು ಒಳಗಿದ್ದೀನಿ ಅಂತ. ಅಲ್ಲಾಡಿಸ್ಬೇಡಿ, ಮುಖಕ್ಕೆ ನೀರು ಹಾಕ್ಬೇಡಿ. ನಾನೇ ಬಂದು ತೆಗೀತೀನಿ," ಎಂದರು. ಆ ಸ್ಥಿತಿ ಬರುತ್ತಿದೆ ಎಂದು ಅವರಿಗೆ ಮೊದಲೇ ತಿಳಿಯುತ್ತಿತ್ತು. ಎದ್ದು ಹೋಗಿ ಕಾರ್ಡು ಸಿಕ್ಕಿಸಿ ಕೂರುತ್ತಿದ್ದರು. ಒಂದು ಚೀಟಿಯಲ್ಲಿ ಹೆಂಡತಿಯ ಫೋನ್ ನಂಬರ್ ಬರೆದು ನನಗೆ ಕೊಟ್ಟರು. ಒಂದು ಗಂಟೆ ದಾಟಿದರೆ ಫೋನ್ ಮಾಡಿ ಕಿವಿಗೆ ಹಿಡಿಯಿರಿ, ಅವಳ ದನಿ ಸಾಕು ಎಂದರು. ಅಂಥ ಸಂದರ್ಭ ಬರಲೇ ಇಲ್ಲ. ಚೀಟಿಯನ್ನು ನನ್ನ ಡೈರಿಯಲ್ಲಿ ಅಂಟಿಸಿಟ್ಟೆ. ಒಬ್ಬ ಮನುಷ್ಯ ಇನ್ನೊಬ್ಬನನ್ನು ನಂಬುವುದೆಂದರೆ ಇದಕ್ಕಿಂತ ಹೆಚ್ಚು ಏನಿದೆ?

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಸುತ್ತಿ ಬಳಸಿ ಹೇಳುವುದಿಲ್ಲ.

ಊರಲ್ಲಿದ್ದಾಗ ನಾನು ತುಳು ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದೆ. ದೋಹಾದ ನಮ್ಮ ಕನ್ನಡಿಗರ ಕೂಟವೊಂದು, ನಾವಿಬ್ಬರೂ ಒಂದೇ ರೂಮಿನಲ್ಲಿದ್ದ ಏಳನೆಯ ವರ್ಷ, ಕಿರುಚಿತ್ರ ಸ್ಪರ್ಧೆ ಇಟ್ಟಿತು. ವಿಷಯ ಮಾನಸಿಕ ಆರೋಗ್ಯ. ಲುಸೈಲ್‌ನ ಆಫೀಸೊಂದರಲ್ಲಿ ಕೆಲಸ ಮಾಡುತ್ತಿದ್ದ ಬೆಂಗಳೂರಿನ ಎಂಜಿನಿಯರ್ ಒಬ್ಬ ನಮ್ಮ ತಂಡದ ನಿರ್ದೇಶಕ. ಅವನಿಗೆ ಕಥೆ ಬೇಕಿತ್ತು. ನಾನು ಕೊಟ್ಟೆ. ಹೆಸರು ಹೇಳಲಿಲ್ಲ, ಉಳಿದದ್ದೆಲ್ಲ ಹೇಳಿದೆ.

"ಕಾರ್ಡು ಸೂಪರ್ ಅಂಕಲ್," ಎಂದ ನಿರ್ದೇಶಕ. "ಆದ್ರೆ ಆಮೇಲೇನ್ ಮಾಡ್ತಾನೆ?"

"ಕೂತಿರ್ತಾನೆ."

"ಕೂತು?"

"ಕೂತಿರ್ತಾನೆ. ಮತ್ತೆ ಎದ್ದು ಚಾ ಕುಡೀತಾನೆ."

"ಅಂಕಲ್, ಐದು ನಿಮಿಷ ಸುಮ್ನೆ ಕೂತ್ರೆ ಆಡಿಯನ್ಸ್ ಮೊಬೈಲ್ ತೆಗೀತಾರೆ. ಏನಾದ್ರೂ ಆಗ್ಬೇಕಲ್ವಾ?"

ಏನಾದರೂ ಆಗುವ ಹಾಗೆ ಮಾಡಿದೆವು. ಒಡೆದ ಕನ್ನಡಿ ತಂದೆವು. ನೀಲಿ ದೀಪ ಹಾಕಿದೆವು. ನಾನು ಕಾರ್ಡನ್ನು ಮೊಳೆಗೆ ಸಿಕ್ಕಿಸಿದ ಕೂಡಲೇ ಪಿಟೀಲು ಕಿರುಚುತ್ತಿತ್ತು, ನನ್ನ ಕುತ್ತಿಗೆ ಓರೆಯಾಗುತ್ತಿತ್ತು, ಎರಡು ದನಿಗಳಲ್ಲಿ ನನ್ನೊಡನೆ ನಾನೇ ಜಗಳವಾಡುತ್ತಿದ್ದೆ. ಕೊನೆಗೆ ಅಡುಗೆಮನೆಯ ಚಾಕು ಹಿಡಿದು, ಮಲಗಿದ್ದ ರೂಮ್‌ಮೇಟ್‌ನ ಕಡೆಗೆ ನಡೆಯುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು. ಮೊದಲನೆಯ ದಿನ ಚಾಕು ಬೇಡ ಎಂದು ನನಗನಿಸಿದ್ದು ನಿಜ. ಹೇಳಲಿಲ್ಲ. ಎರಡನೆಯ ದಿನ, ಚಾಕುವಿನ ಮೇಲೆ ಬೆಳಕು ಬೀಳುವಂತೆ ಹಿಡಿಯುವುದು ಹೇಗೆಂದು ನಾನೇ ತೋರಿಸಿಕೊಟ್ಟೆ.

ಕಳೆದ ತಿಂಗಳಿಂದ ಮೊಮ್ಮಗಳ ಜೊತೆ ಕೂತು ಇಂಥ ಕಿರುಚಿತ್ರಗಳನ್ನು ನೋಡುತ್ತಿದ್ದೇನೆ. ಬೇರೆ ಬೇರೆ ಊರಿನವರು, ಬೇರೆ ಬೇರೆ ಭಾಷೆಯವರು ಮಾಡಿದ್ದು. ಎಲ್ಲದರಲ್ಲೂ ಅದೇ ಕನ್ನಡಿ, ಅದೇ ನೀಲಿ ಬೆಳಕು, ಕೊನೆಗೆ ಅದೇ ಚಾಕು ಅಥವಾ ಮಹಡಿಯ ಅಂಚು. ತನ್ನೊಳಗಿಂದ ತಾನು ದೂರ ಸರಿಯುವವನ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಅದೇ ಆ ಕಷ್ಟದ ಗುಣ. ಅದನ್ನು ಕಾಣಿಸುವ ಹಟಕ್ಕೆ ಬಿದ್ದವರು ನಮ್ಮ ಹೆದರಿಕೆಯನ್ನು ತೋರಿಸುತ್ತಾರೆ, ಅವನನ್ನಲ್ಲ. ಸಿನಿಮಾದ ಬಗ್ಗೆ ನನಗೆ ಹೆಚ್ಚು ತಿಳಿಯದು. ಇದೊಂದನ್ನು ಮಾತ್ರ ಯಾರ ಮುಂದೆಯೂ ಖಂಡಿತವಾಗಿ ಹೇಳಬಲ್ಲೆ, ಏಕೆಂದರೆ ಮಾಡಿದವನು ನಾನು.

ಪ್ರದರ್ಶನದ ಸಂಜೆ ಕೆಳಗಿನ ಮಂಚದವರು ಬಂದಿದ್ದರು. ನಾನು ಕಥೆಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ರೂಮ್‌ಮೇಟ್‌ನ ಸಿನಿಮಾ ಎಂಬ ಹೆಮ್ಮೆಯಿಂದ ಅಂಗಿಗೆ ಇಸ್ತ್ರಿ ಹಾಕಿಕೊಂಡು, ಕಂಪನಿಯ ಬಸ್ಸಿನಲ್ಲಿ ಬಂದು, ಮೂರನೆಯ ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ನಾನು ಕಾರ್ಡು ಸಿಕ್ಕಿಸಿದಾಗ ಅವರ ಕಡೆ ನೋಡಿದೆ... ಅವರು ಕದಲಲಿಲ್ಲ. ಚಾಕು ಬಂದಾಗ ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ನನಗೆ ಅತ್ಯುತ್ತಮ ನಟನ ಬಹುಮಾನ ಬಂತು. ಜನ ಕೈ ಕುಲುಕುತ್ತಿದ್ದಾಗ ಅವರೂ ಸಾಲಿನಲ್ಲಿ ಬಂದರು.

"ಚೆನ್ನಾಗಿ ಮಾಡಿದ್ರಿ ಸ್ವಾಮಿ," ಎಂದರು. ಅಷ್ಟೇ. ಹೋಗಿ ಬಸ್ಸಿನಲ್ಲಿ ಕೂತರು.

ಇಲ್ಲಿಗೆ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸಿನಿಮಾ ಫೋನಿನಿಂದ ಫೋನಿಗೆ ಹೋಯಿತು. ಒಂದು ವಾರದೊಳಗೆ ನಮ್ಮ ಸೇಫ್ಟಿ ಆಫೀಸರ್ ಸ್ಟೋರಿಗೆ ಬಂದರು. ನಮ್ಮ ಕರಾವಳಿಯವರೇ.

"ಎಂತ ಹೀರೋ, ಭಾರೀ ಆಕ್ಟಿಂಗ್. ನನ್ನ ಹೆಂಡ್ತಿಗೆ ಹೆದರಿ ಊಟ ಸೇರ್ಲಿಲ್ಲ," ಎಂದು ಬೆನ್ನು ತಟ್ಟಿದರು. ಆಮೇಲೆ ಕೌಂಟರಿನ ಮೇಲೆ ಮೊಣಕೈ ಊರಿ ಕೇಳಿದರು, "ಆ ಕಾರ್ಡಿನದ್ದು... ಅದು ನಿಮ್ಮ ರೂಮಿನ ಬೋರ್ಡ್‌ನವ ಅಲ್ವಾ? ಹೌದಾ, ಅವ ಹಾಗೆ ಮಾಡ್ತಾನಾ?"

ಇಲ್ಲ ಸಾರ್, ಅವರು ಕೂತಿರುತ್ತಾರೆ ಅಷ್ಟೆ, ಚಾಕು ನಮ್ಮದು. ಇಷ್ಟು ಹೇಳಬೇಕಿತ್ತು. ನಾನು ನಕ್ಕೆ. ಬೆನ್ನು ತಟ್ಟಿಸಿಕೊಂಡ ಖುಷಿ ಇನ್ನೂ ಇಳಿದಿರಲಿಲ್ಲ. "ಹೆಚ್ಚುಕಮ್ಮಿ ಹಾಗೇ ಸಾರ್," ಎಂದೆ.

"ಖಲಾಸ್," ಎಂದು ಅವರು ಹೋದರು.

ಅಂಥ ಕೆಲಸದಲ್ಲಿ ಅಂಥವರು ಇರಬಹುದೇ ಎಂದು ನೀವು ಕೇಳಬಹುದು. ಕೇಳುವುದು ತಪ್ಪಲ್ಲ, ಹತ್ತಾರು ಜನರ ಜೀವದ ಮಾತು. ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ಡಾಕ್ಟರು. ಹೇಳಿದ್ದು ನನ್ನ ಸಿನಿಮಾ, ಆಮೇಲೆ ನನ್ನ ನಗು. ಡಾಕ್ಟರ ಹತ್ತಿರ ಅವರನ್ನು ಯಾರೂ ಕಳಿಸಲಿಲ್ಲ. ಅವರನ್ನು ಕೂರಿಸಿ ಯಾರೂ ಒಂದು ಮಾತು ಕೇಳಲಿಲ್ಲ. ಕಂಪನಿಯವರು ಎರಡು ದಿನ ಕೆಲಸಕ್ಕೆ ಬರಬೇಡ ಎಂದರು, ಮೂರನೆಯ ದಿನ ಊರಿಗೆ ಟಿಕೆಟ್ ಕೊಟ್ಟರು. ರೂಮಿನ ಉಳಿದಿಬ್ಬರು ಆ ಎರಡು ದಿನ ಅಡುಗೆಮನೆಯ ಚಾಕುವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದನ್ನು ಕೆಳಗಿನ ಮಂಚದವರು ನೋಡಿದರು. ಈರುಳ್ಳಿ ಹೆಚ್ಚಬೇಕಿದ್ದಾಗ ಬೀಗದ ಕೈ ಕೇಳದೆ, ಕೈಯಲ್ಲೇ ಮುರಿದು ಹಾಕಿ ಉಪ್ಪಿಟ್ಟು ಮಾಡಿ ನಮಗೆಲ್ಲ ಬಡಿಸಿದರು. ನಾನು ತಿಂದೆ.

ಅವರು ಹೊರಟಾಗ ನಾನು ಡ್ಯೂಟಿಯಲ್ಲಿದ್ದೆ; ಬದಲಿಸಿಕೊಳ್ಳಬಹುದಿತ್ತು, ಬದಲಿಸಿಕೊಳ್ಳಲಿಲ್ಲ. ಬಂದು ನೋಡಿದರೆ ಹಾಸಿಗೆ ಮಡಚಿಟ್ಟಿದ್ದರು. ಮೊಳೆಯಲ್ಲಿ ಹಸಿರು ಕಾರ್ಡು ತೂಗುತ್ತಿತ್ತು. ಆ ಮಂಚಕ್ಕೆ ಹೊಸಬನೊಬ್ಬ ಬರುವವನಿದ್ದ. ನಾನು ಕಾರ್ಡು ತೆಗೆದು ಜೇಬಿಗೆ ಹಾಕಿಕೊಂಡೆ. ಮುಟ್ಟಬಾರದೆಂಬ ನಿಯಮ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಅವಳ ಕನ್ನಡ ಅಷ್ಟಕ್ಕಷ್ಟೆ, ನಡುನಡುವೆ ನಿಲ್ಲಿಸಿ ಕೇಳುತ್ತಿದ್ದಳು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಅಜ್ಜ, ನೀವು ಅವರ ಪರ್ಮಿಶನ್ ತಗೊಂಡಿರ್ಲಿಲ್ವಾ? ನಮ್ಗೆ ಮಿಸ್ ಫಾರ್ಮ್ ಕೊಟ್ಟಿದ್ದಾರೆ. ರಿಯಲ್ ಪರ್ಸನ್ ಸ್ಟೋರಿ ಆದ್ರೆ ಅವರು ಸೈನ್ ಮಾಡ್ಬೇಕು."

ಡೈರಿಯಲ್ಲಿ ಚೀಟಿ ಹಾಗೆಯೇ ಇತ್ತು. ಇಷ್ಟು ವರ್ಷ ಆ ನಂಬರ್ ನನ್ನ ಹತ್ತಿರ ಇರಲಿಲ್ಲವೆಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ. ಮರುದಿನ ಶನಿವಾರ ಬೆಳಿಗ್ಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ಹೆಸರು ಹೇಳಿ, ಕತಾರಿನಿಂದ ಎಂದೆ.

"ಗೊತ್ತಾಯ್ತು ಬಿಡಿ. ಮೇಲಿನ ಮಂಚದೋರು," ಎಂದರು. ನನಗೂ ಅವರ ಮನೆಯಲ್ಲಿ ಅದೇ ಹೆಸರಿತ್ತು. "ಅವರು ಹೋಗಿ ಮೂರು ವರ್ಷ ಆಯ್ತು ಸ್ವಾಮಿ. ಕಾಮಾಲೆ ಆಗಿತ್ತು."

ನಾನು ಸಿನಿಮಾದ ಮಾತೆತ್ತಿದೆ.

"ತೋರ್ಸಿದ್ರು ನಂಗೂ. ನಾನು ಅತ್ತೆ, ಬೈದೆ ನಿಮ್ಮನ್ನ. ಅವರೇನೂ ಬೈಲಿಲ್ಲ. ಇದ್ರಲ್ಲಿ ಕಾರ್ಡು ಒಂದು ನಂದು, ಮಿಕ್ಕಿದ್ದೆಲ್ಲ ಅವರದ್ದು ಅಂದ್ರು."

ತಪ್ಪಾಯಿತಮ್ಮ ಎಂದೆ. ಆ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು...

"ಅದನ್ನ ಅವರಿಗೆ ಹೇಳ್ಬೇಕಿತ್ತು," ಎಂದರು. ಸಿಟ್ಟಿನಿಂದಲ್ಲ. ಇದ್ದದ್ದನ್ನು ಇದ್ದ ಹಾಗೆ. ಕಾರ್ಡು ನನ್ನ ಬಳಿ ಇದೆ, ಕಳಿಸಲೇ ಎಂದು ಕೇಳಿದೆ. ಬೇಡ ಎಂದರು.

ಮೊಮ್ಮಗಳು ತನ್ನ ಸ್ಕ್ರಿಪ್ಟಿನಲ್ಲೂ ಇದ್ದ ಒಡೆದ ಕನ್ನಡಿಯನ್ನು ತೆಗೆದಳು. ಫಾರ್ಮಿಗೆ ಸಹಿ ಹಾಕುವವರಿಲ್ಲದ ಕಾರಣ ಕಾರ್ಡಿನ ಕಥೆಯೂ ಬೇಡವೆಂದಳು. ನಾನು ಕೊಡುತ್ತಲೂ ಇರಲಿಲ್ಲ. ಮುದುಕನೊಬ್ಬ ಸೋಫಾದ ಮೇಲೆ ಕೂತಿದ್ದಾನೆ, ಎದುರಿಗೆ ಚಾ ಆರುತ್ತಿದೆ, ಮನೆಯವರ ಮಾತು ದೂರದಿಂದ ಕೇಳಿಸುತ್ತದೆ. ಇಷ್ಟೇ ಅವಳ ಸಿನಿಮಾ. ಮುದುಕ ನಾನೇ. ಅವಳ ಗೆಳತಿಯೊಬ್ಬಳು "ಬೋರಿಂಗ್ ಆಗುತ್ತೆ ಕಣೇ" ಎಂದಳು. ಆಗಲಿ ಎಂದೆ. ಕುತ್ತಿಗೆ ಓರೆ ಮಾಡಲಿಲ್ಲ, ಕಣ್ಣು ತಿರುಗಿಸಲಿಲ್ಲ. ನನ್ನ ಜೀವಮಾನದಲ್ಲಿ ಸರಿಯಾಗಿ ಮಾಡಿದ ಪಾತ್ರ ಅದೊಂದೇ. ನೋಡಬೇಕಾದವರು ನೋಡುವುದಿಲ್ಲ.

ಬಾಡಿಗೆ ಮನೆ, ಮೊಳೆ ಹೊಡೆಯಬೇಡಿ ಎಂದು ಮಗಳು ಗೊಣಗಿದ್ದರಿಂದ, ಗೋಡೆಗೆ ಅಂಟುವ ಕೊಕ್ಕೆಯೊಂದನ್ನು ತರಿಸಿ ನನ್ನ ಮಂಚದ ಪಕ್ಕ ಅಂಟಿಸಿದೆ. ಹಸಿರು ಕಾರ್ಡನ್ನು ಅದಕ್ಕೆ ಸಿಕ್ಕಿಸಿದೆ. ನಿನ್ನೆ ಮಗಳು ಗೋಡೆ ಒರೆಸುವಾಗ ಅದಕ್ಕೆ ಕೈ ಹಾಕಿದಳು.

"ಅದನ್ನು ಮುಟ್ಟಬೇಡ ಮಗಾ," ಎಂದೆ.

ತೆಗೆಯಬೇಕಾದವರು ಇನ್ನು ಬರುವುದಿಲ್ಲ. ಅದು ನನಗೆ ಗೊತ್ತು. ಆದರೂ ಕಾರ್ಡು ಅಲ್ಲಿ ತೂಗುತ್ತಿರುವವರೆಗೆ, ಒಳಗೆ ಯಾರೂ ಇಲ್ಲವೆಂದು ಹೇಳಿ ನಾನು ಬಾಗಿಲು ಮುಚ್ಚುವಂತಿಲ್ಲ.