ಒಂದು ‘ಅ’ ಕಾಯುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮುದ್ರಣಾಲಯದ ಯಂತ್ರಗಳು ಗದ್ದಲ ಶುರುಮಾಡುವ ಮುನ್ನ ಸಿಗುವ ಎರಡು ಗಂಟೆಯ ನಿಶ್ಶಬ್ದವೇ ಕರಡು ತಿದ್ದುವ ‘ಕೆಂಪು ಪೆನ್ಸಿಲ್ ಅಕ್ಕ’ನ ಆಸ್ತಿ. ಮೊದಲ ಪಾಳಿಯ ಬಸ್ ಓಡಿಸುವ ಗಂಡ ಡಿಪೋಗೆ ಹೋಗುತ್ತಾ ಇವರನ್ನು ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ಕಿಟಕಿ ಪಕ್ಕದ ಮೇಜು, ದಾರ ಕಟ್ಟಿ ಕತ್ತಿಗೆ ಹಾಕಿಕೊಂಡ ಕನ್ನಡಕ, ಸಾಲಿನ ಕೆಳಗಿಡಲು ಮರದ ಅಡಿಪಟ್ಟಿ. ಓದು ಮಾತ್ರ ಉಲ್ಟಾ. ಪ್ರತಿ ಸಾಲನ್ನೂ ಕೊನೆಯ ಪದದಿಂದ ಮೊದಲ ಪದಕ್ಕೆ ಓದುತ್ತಾರೆ, ಆಮೇಲೆ ನೆಟ್ಟಗೆ ಇನ್ನೊಮ್ಮೆ.

“ನೆಟ್ಟಗೆ ಓದಿದ್ರೆ ನಮಗೆ ಬೇಕಾಗಿರೋದು ಕಾಣುತ್ತೆ. ಹಿಂದಿನಿಂದ ಓದಿದ್ರೆ ಅಲ್ಲಿ ಇರೋದು ಕಾಣುತ್ತೆ” ಎನ್ನುತ್ತಾರೆ.

ಇಪ್ಪತ್ತೆಂಟು ವರ್ಷಗಳಿಂದ ದಿನಕ್ಕೆ ನಲವತ್ತು ಪುಟ. ಶಾಲೆಯ ಪಠ್ಯ, ಔಷಧದ ಚೀಟಿ, ಕಾನೂನಿನ ಹೊತ್ತಗೆ, ಎಲ್ಲವೂ ಈ ಮೇಜಿನ ಮೇಲೆ ಹಾದುಹೋಗಬೇಕು. ಯಾವ ಪುಸ್ತಕದಲ್ಲೂ ಇವರ ಹೆಸರಿಲ್ಲ. ತಪ್ಪು ಉಳಿದರಷ್ಟೇ ಜನಕ್ಕೆ ನೆನಪಾಗುವ ಕೆಲಸ ಇದು. “ಸಾಮಾನಿನ ಚೀಟೀಲೂ ಕಾಗುಣಿತ ತಿದ್ದಿ ಕಳಿಸ್ತಾಳೆ. ಅಂಗಡಿಯವನು ನನ್ನ ಮುಖ ನೋಡಿ ನಗ್ತಾನೆ” ಎಂದು ಗಂಡ ಛೇಡಿಸುತ್ತಾರೆ.

ಉಲ್ಟಾ ಓದುವ ಅಭ್ಯಾಸ ಹತ್ತಿದ್ದು ಒಂದು ತಪ್ಪಿನಿಂದ. ಇಪ್ಪತ್ತೆರಡು ವರ್ಷದ ಹಿಂದೆ ದ್ವೈತ ದರ್ಶನದ ಬಗ್ಗೆ ಮೇಷ್ಟ್ರೊಬ್ಬರು ಪುಸ್ತಕ ಬರೆದಿದ್ದರು. ‘ಮುಕ್ತಿಯ ನಂತರವೂ ಜೀವನಿಗೂ ಬ್ರಹ್ಮಕ್ಕೂ ಭೇದವೇ ಸತ್ಯ’ ಎಂಬುದು ಅದರ ತಿರುಳು. ಜೀವ ಬೇರೆ, ಬ್ರಹ್ಮ ಬೇರೆ. ಬ್ರಹ್ಮದ ಆಸರೆಯಿಲ್ಲದೆ ಜೀವನಿಲ್ಲ, ಆದರೆ ಜೀವ ಎಂದೂ ಬ್ರಹ್ಮವಾಗದು. ಅಕ್ಕ ಬೆಳೆದದ್ದೋ, ಎರಡೂ ಒಂದೇ ಎನ್ನುತ್ತಿದ್ದ ಅಜ್ಜಿಯ ಮಡಿಲಲ್ಲಿ. ಪಾಪ, ಮೇಷ್ಟ್ರು ಅವಸರದಲ್ಲಿ ಒಂದು ಅಕ್ಷರ ನುಂಗಿದ್ದಾರೆ ಎಂದುಕೊಂಡು, ಪುಟ ನೂರಹನ್ನೆರಡರಲ್ಲಿ ‘ಭೇದ’ಕ್ಕೆ ಮೊದಲು ಒಂದು ‘ಅ’ ಸೇರಿಸಿಬಿಟ್ಟರು! ಭೇದ ಹೋಗಿ ‘ಅಭೇದ’ವೇ ಸತ್ಯವಾಯಿತು.

ಪುಸ್ತಕ ಹೊರಬಂತು. ಮೇಷ್ಟ್ರು ಮುದ್ರಣಾಲಯಕ್ಕೆ ಬಂದರು. ಅವರು ಬೈಯಲಿಲ್ಲ. “ನನ್ನ ಮತಾನೇ ಬದಲಾಯಿಸಿಬಿಟ್ಟೆಯಲ್ಲಮ್ಮಾ, ಅದೂ ನನ್ನನ್ನ ಒಂದು ಮಾತು ಕೇಳದೆ” ಎಂದು ನಕ್ಕರು. ತಿದ್ದುಪಡಿಯ ಚೀಟಿ ಅಂಟಿಸಿದ್ದಾಯಿತು. ಚೀಟಿಗಳು ಉದುರಿಹೋದವು, ‘ಅ’ ಉಳಿಯಿತು.

ಈಗ ಮೇಷ್ಟ್ರಿಗೆ ಎಂಬತ್ತಾರು. ಕಣ್ಣು ಪೂರ್ತಿ ಹೋಗಿದೆ. ಎರಡನೇ ಮುದ್ರಣಕ್ಕೆ ಒಪ್ಪಿದಾಗ ಅವರು ಹಾಕಿದ ಷರತ್ತು ಒಂದೇ: ಕರಡನ್ನು ಅದೇ ಹುಡುಗಿ ನೋಡಬೇಕು. ಹುಡುಗಿಗೆ ಈಗ ಐವತ್ತೊಂದು. ಎಂಟು ಗಂಟೆಗೆ ಯಂತ್ರ ತಿರುಗುತ್ತದೆ. ಇಂದು ಕೈತಪ್ಪಿದರೆ, ಬದುಕಿಡೀ ನಂಬಿದ್ದಕ್ಕೆ ತದ್ವಿರುದ್ಧವಾದ ಮಾತೇ ಮೇಷ್ಟ್ರ ಹೆಸರಿನಲ್ಲಿ ಉಳಿದುಬಿಡುತ್ತದೆ.

ಪುಟ ನೂರಹನ್ನೆರಡು ಬರುತ್ತದೆ. ಅಡಿಪಟ್ಟಿ ನಿಲ್ಲುತ್ತದೆ. ಹಳೆಯ ಪುಸ್ತಕ ನೋಡಿ ಅಕ್ಷರ ಜೋಡಿಸಿದ್ದರಿಂದ ‘ಅ’ ಅಲ್ಲೇ ಕುಳಿತಿದೆ. ಪೆನ್ಸಿಲ್ ಒಂದು ಗಳಿಗೆ ತಡೆಯುತ್ತದೆ.

“ನನಗೀಗಲೂ ಅಜ್ಜಿ ಮಾತೇ ಸರಿ ಅನ್ಸುತ್ತೆ. ಆ ‘ಅ’ ನೋಡಿದ್ರೆ ಖುಷೀನೇ ಆಗುತ್ತೆ. ಆದ್ರೆ ಇದು ನನ್ನ ಪುಸ್ತಕ ಅಲ್ವಲ್ಲ. ಬರೆದೋರು ಬೇರೆ, ತಿದ್ದೋಳು ಬೇರೆ.”

ಕೆಂಪು ಗೆರೆ ಬೀಳುತ್ತದೆ. ಅಂಚಿನಲ್ಲಿ ಸಹಿಯೂ ಬೀಳುತ್ತದೆ. ತಿದ್ದಿದ ಪುಟ ಕೈಗೆ ಬಂದ ಮೇಲೆ ಅಕ್ಕ ಮೇಷ್ಟ್ರಿಗೆ ಫೋನ್ ಮಾಡಿ ಆ ಸಾಲನ್ನು ನಿಧಾನವಾಗಿ ಓದುತ್ತಾರೆ.

“ಇನ್ನೊಂದ್ಸಲ ಓದಮ್ಮ.”

ಓದುತ್ತಾರೆ. ಆ ಕಡೆಯಿಂದ ನೆಮ್ಮದಿಯ ಉಸಿರು ಕೇಳಿಸುತ್ತದೆ.

“ಈಗಲಾದ್ರೂ ನನ್ನ ಮತ ಒಪ್ತೀಯಾ?”

“ಇಲ್ಲ ಮೇಷ್ಟ್ರೇ, ಒಪ್ಪಲ್ಲ” ಎನ್ನುತ್ತಾರೆ ಅಕ್ಕ. “ಆದ್ರೆ ಒಂದಕ್ಷರ ತಪ್ಪಿಲ್ಲ.”